ಜಗಲಿಯ ಜನರೇಟರು, ಕಂಬದ ಮೇಲಿನ ಮನುಷ್ಯ

(ಮಳೆಗಾಲದ ಪೂರ್ವಸಿದ್ಧತೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಸಿದ್ಧತೆಗೆ ಒಂದು ಕ್ರಮವಿದೆ. ಸೌದೆ ಒಳಸೇರಬೇಕು, ಹೆಂಚು ಕೈಯಾಡಿಸಬೇಕು, ತೋಟದ ಕಪ್ಪು ಬಿಡಿಸಬೇಕು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ತಂದಿರಿಸಬೇಕು. ಕಳೆದ ಎರಡು ಮೂರು ದಶಕಗಳಲ್ಲಿ ಈ ಪಟ್ಟಿಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಮೂಲೆಯಲ್ಲಿ ಮುಚ್ಚಿಟ್ಟಿದ್ದ ಪುಟ್ಟ ಜನರೇಟರನ್ನು ಜಗಲಿಗೆ ತಂದು, ಹಗ್ಗ ಎಳೆದು, ಅದು ಚಾಲೂ ಆಗುತ್ತದೆಯೋ ಇಲ್ಲವೋ ಎಂದು ನೋಡುವುದು. ಚಾಲೂ ಆಯಿತೆಂದರೆ ಸಿದ್ಧತೆ ಮುಗಿಯಿತೆಂದೇ ಎಲ್ಲರ ಭಾವನೆ. ಇಂದಿನ ಮಾತು ಅಲ್ಲಿಂದ ಮುಂದಿನದು. ಚಾಲೂ ಆದ ಆ ಯಂತ್ರದ ವಿದ್ಯುತ್ತು ಎಲ್ಲೆಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗಬಾರದು ಎಂಬುದು ಅದರ ವಿಷಯ.

ಕಾಡು, ಹೊಳೆಗಳ ಬಗ್ಗೆ ಮಾತನಾಡುವ ಬಳಗಕ್ಕೆ ಈ ವಯರು, ಸ್ವಿಚ್ಚುಗಳ ಚರ್ಚೆ ಏಕೆಂದು ಕೇಳುವವರಿರಬಹುದು. ಇದು ಘಟ್ಟದ ಜನರಿಗೆ ಹೊರಗಿನ ವಿಷಯವೇನಲ್ಲ. 1948ರಲ್ಲಿ ಜೋಗದಲ್ಲಿ ವಿದ್ಯುದಾಗಾರ ಕೆಲಸ ಆರಂಭಿಸಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಮುಗಿಯಿತು. ಕಾಳಿ, ವರಾಹಿಗಳ ಯೋಜನೆಗಳು ಅನಂತರ ಬಂದವು. ಈ ಕಣಿವೆಗಳು ಮುಳುಗಿ ಹುಟ್ಟಿದ ವಿದ್ಯುತ್ತು ದೊಡ್ಡ ದೊಡ್ಡ ಗೋಪುರಗಳ ಮೇಲೆ ನಗರಗಳಿಗೆ ಹೋಯಿತು. ಮುಳುಗಡೆಯ ಸೀಮೆಯ ಒಂಟಿಮನೆಗೆ ಅದು ಮರಳಿ ಬರುವುದಾದರೂ ಕಾಡಿನ ನಡುವೆ ಮೈಲುಗಟ್ಟಲೆ ಹಾದು ಬರುವ 11 ಕೆ.ವಿ. ತಂತಿಯ ತೀರಾ ಕೊನೆಯಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಆ ತಂತಿಯ ಮೇಲೆ ಒಂದು ಮತ್ತಿಯ ಕೊಂಬೆ ಬೀಳಲು ದೊಡ್ಡ ಗಾಳಿಯೇ ಬೇಕೆಂದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜರಿದವು. 2019ರ ಆಗಸ್ಟಿನ ಮಳೆಯಲ್ಲಿ ಮಲೆನಾಡಿನುದ್ದಕ್ಕೂ ಕಂಬಗಳು ಉರುಳಿದವು. ಎಷ್ಟೋ ಊರುಗಳು ದಿನಗಟ್ಟಲೆ ಕತ್ತಲಲ್ಲಿ ಕಳೆದವು. ಹಾಗಾಗಿ ಜನರೇಟರು ಕೊಂಡವರನ್ನು ಆಕ್ಷೇಪಿಸುವುದು ಸಲ್ಲದು. ಬಾವಿಯ ಪಂಪು, ಮಕ್ಕಳ ಓದು, ಫ್ರಿಜ್ಜಿನೊಳಗಿನ ಇನ್ಸುಲಿನ್, ಊರ ಹೊರಗೆ ಸಂಪರ್ಕ ಉಳಿಸುವ ಮೊಬೈಲು, ಇವೆಲ್ಲ ಅದರ ಮೇಲೆ ನಿಂತಿವೆ.

ಆದರೆ ಆ ಯಂತ್ರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಒಂದೆರಡು ಕಿಲೋವ್ಯಾಟಿನ ಸಣ್ಣ ಯಂತ್ರ, ಅಪಾಯವಾದರೂ ಸಣ್ಣದೇ, ಅದೂ ಮನೆಯವರಿಗೆ ಮಾತ್ರ ಎಂಬುದು ಆ ತಿಳಿವಳಿಕೆ. ವಾಸ್ತವದಲ್ಲಿ ಅದರ ಅತಿ ದೊಡ್ಡ ಅಪಾಯ ಮನೆಯವರಿಗಲ್ಲ. ಎರಡು ಮೈಲು ಆಚೆ, ಮಳೆಯಲ್ಲಿ ನೆನೆಯುತ್ತ ಕಂಬ ಹತ್ತಿದ ಲೈನ್‌ಮನ್ನನಿಗೆ.

ಇದು ಹೇಗೆಂದು ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ. ಊರಿನ ಟ್ರಾನ್ಸ್‌ಫಾರ್ಮರು, ಜನರ ಬಾಯಲ್ಲಿ ಟಿ.ಸಿ., 11,000 ವೋಲ್ಟನ್ನು 433 ವೋಲ್ಟಿಗೆ, ಅಂದರೆ ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 250 ವೋಲ್ಟಿಗೆ ಇಳಿಸುತ್ತದೆ. ಒಳಗಿನ ಸುರುಳಿಗಳ ಲೆಕ್ಕದಲ್ಲಿ ಇದು 44ಕ್ಕೆ 1ರ ಅನುಪಾತ. ಆದರೆ ಟ್ರಾನ್ಸ್‌ಫಾರ್ಮರಿಗೆ ತಾನು ಇಳಿಸಲೆಂದೇ ಹುಟ್ಟಿದವನು ಎಂಬ ಅರಿವಿಲ್ಲ. ಕೆಳಗಿನ ಬದಿಯಿಂದ ವಿದ್ಯುತ್ತು ಕೊಟ್ಟರೆ ಅದೇ ಅನುಪಾತದಲ್ಲಿ ಅದು ಮೇಲಕ್ಕೆ ಏರಿಸುತ್ತದೆ. ಜಗಲಿಯ ಜನರೇಟರಿನ 230 ವೋಲ್ಟು ಮನೆಯ ವಯರಿಂಗಿನಿಂದ ಮೀಟರು ದಾಟಿ, ಸರ್ವಿಸ್ ವಯರಿನಲ್ಲಿ ಕಂಬಕ್ಕೆ ಏರಿ, ಅಲ್ಲಿಂದ ಟಿ.ಸಿ.ಗೆ ತಲುಪಿದರೆ, ಆಚೆ ಬದಿಯ ತಂತಿಗಳ ನಡುವೆ 10,000 ವೋಲ್ಟಿಗೂ ಮೇಲೆ ಒತ್ತಡ ನಿಲ್ಲುತ್ತದೆ. ಮೀಟರಿಗೂ ದಿಕ್ಕಿನ ಹಂಗಿಲ್ಲ. ಹೊರಗೆ ಹೋಗುವುದನ್ನು ಅದು ತಡೆಯುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಬರುವ ಪ್ರತ್ಯುತ್ತರವೊಂದಿದೆ. ಇಷ್ಟು ಸಣ್ಣ ಯಂತ್ರ ಇಡೀ ಊರಿನ ಹೊರೆ ಹೊರಲು ಸಾಧ್ಯವೆ, ಹಾಗೇನಾದರೂ ಹೊರಗೆ ಸೇರಿದರೆ ತಕ್ಷಣ ಒರಲಿ ನಿಂತುಬಿಡುತ್ತದೆ ಎನ್ನುತ್ತಾರೆ. ಬಯಲುಸೀಮೆಯ ದೊಡ್ಡ ಊರಿನಲ್ಲಿ ಇದು ಬಹುಮಟ್ಟಿಗೆ ನಿಜ. ನೂರು ಮನೆಗಳ ದೀಪ, ಟಿ.ವಿ., ಫ್ರಿಜ್ಜುಗಳೆಲ್ಲ ಒಮ್ಮೆಗೇ ಮೇಲೆ ಬಿದ್ದರೆ ಯಂತ್ರ ಉಸಿರು ಕಟ್ಟುತ್ತದೆ. ಮಲೆನಾಡಿನ ಸಂಗತಿ ಬೇರೆ. ಇಲ್ಲಿ ಒಂದು ಟಿ.ಸಿ.ಗೆ ನಾಲ್ಕಾರು ಮನೆಗಳು. ಕಾಫಿ ತೋಟವಾದರೆ ಒಂದೇ. ಮಳೆಗಾಲದಲ್ಲಿ ತಂತಿ ತುಂಡಾಗುವುದೂ ಮನೆಗೆ ಹತ್ತಿರದಲ್ಲೇ. ತುಂಡಾದ ತಂತಿಯ ಈಚೆ ಬದಿಯಲ್ಲಿ ಉಳಿಯುವುದು ಒಂದೆರಡು ಮನೆ, ಒಂದು ಖಾಲಿ ಟಿ.ಸಿ. ಹೊರೆಯಿಲ್ಲದ ಸಣ್ಣ ಟಿ.ಸಿ.ಯನ್ನು ಎಬ್ಬಿಸಲು ತೀರ ಕಡಿಮೆ ವಿದ್ಯುತ್ತು ಸಾಕು. ಒಂದು ಕಿಲೋವ್ಯಾಟಿನ ಯಂತ್ರಕ್ಕೆ ಅದು ಭಾರವೆನಿಸದೆಯೂ ಇರಬಹುದು. ಮನೆಯಲ್ಲಿ ದೀಪ ಎಂದಿನಂತೆಯೇ ಉರಿಯುತ್ತಿರುತ್ತದೆ. ಹೊರಗೇನಾಗಿದೆ ಎಂಬ ಸುಳಿವು ಒಳಗಿನವರಿಗೆ ಸಿಗುವುದೇ ಇಲ್ಲ.

ಟಿ.ಸಿ.ಯ ಮಾತು ಹಾಗಿರಲಿ. ಮನೆಗಳಿಗೆ ಬರುವ ಕೆಳಗಿನ ತಂತಿಯಲ್ಲಿ 230 ವೋಲ್ಟು ಮಾತ್ರವೇ ಹರಿದರೂ ಅದು ಕೊಲ್ಲಲು ಧಾರಾಳವಾಗಿ ಸಾಕು. ಒದ್ದೆ ಮೈಯ ಮನುಷ್ಯನ ಮೂಲಕ ಅಷ್ಟು ಒತ್ತಡದಲ್ಲಿ 100 ಮಿಲಿ ಆಂಪಿಯರಿಗೂ ಹೆಚ್ಚು ಹರಿಯಬಲ್ಲದು. 30 ಮಿಲಿ ಆಂಪಿಯರನ್ನೇ ಅಪಾಯದ ಗಡಿಯೆಂದು ಇಟ್ಟುಕೊಂಡು ರಕ್ಷಣೆಯ ಉಪಕರಣಗಳನ್ನು ತಯಾರಿಸುತ್ತಾರೆ.

ಅಂಥ ತಂತಿ ಕಂಬದ ಮೇಲೆಯೇ ಇರುತ್ತದೆಂದೂ ಹೇಳುವಂತಿಲ್ಲ. ಗದ್ದೆಯ ಬದುವಿನಲ್ಲಿ, ಶಾಲೆಯ ಕಾಲುದಾರಿಯಲ್ಲಿ, ಹಳ್ಳದ ನೀರಿನಲ್ಲಿ ಅದು ಬಿದ್ದಿರಬಹುದು. "ಊರಿಗೇ ಕರೆಂಟಿಲ್ಲ, ಮುಟ್ಟಿದರೆ ಏನಾಗುತ್ತದೆ?" ಎಂದು ಅದನ್ನು ಕೋಲಿನಿಂದ ಸರಿಸುವವರಿದ್ದಾರೆ, ಕೈಯಿಂದಲೇ ಸುತ್ತಿ ಬೇಲಿಯ ಮೇಲೆ ಎಸೆಯುವವರೂ ಇದ್ದಾರೆ. ಮೇಯಲು ಬಿಟ್ಟ ದನಕ್ಕೂ ರಾತ್ರಿ ಹಾಯುವ ಕಡವೆಗೂ ಊರಿನಲ್ಲಿ ಕರೆಂಟಿದೆಯೇ ಇಲ್ಲವೇ ಎಂಬ ವಿಚಾರ ಗೊತ್ತಿರುವುದಿಲ್ಲ. ಯಾವುದಾದರೊಂದು ಮನೆಯಲ್ಲಿ ಜನರೇಟರಿನ ಸದ್ದು ಕೇಳುತ್ತಿರುವ ಊರಿನಲ್ಲಿ ಬಿದ್ದ ಪ್ರತಿಯೊಂದು ತಂತಿಯನ್ನೂ ಜೀವಂತ ತಂತಿಯೆಂದೇ ತಿಳಿಯಬೇಕು. ದೂರ ನಿಂತು, ಇತರರನ್ನೂ ದನಕರುಗಳನ್ನೂ ದೂರವಿರಿಸಿ, 1912ಕ್ಕೆ ಅಥವಾ ಶಾಖಾ ಕಚೇರಿಗೆ ತಿಳಿಸುವುದು ಮಾಡತಕ್ಕ ಕೆಲಸ.

ಲೈನ್‌ಮನ್ನರಿಗೆ ತಮ್ಮದೇ ರಕ್ಷಣಾಕ್ರಮಗಳಿವೆ. ಇಲಾಖೆಯ ಕಾಗದಪತ್ರಗಳಲ್ಲಿ ಮಾರ್ಗದಾಳು ಎಂದಿದ್ದವರು ಈಗ ಪವರ್‌ಮ್ಯಾನ್ ಆಗಿದ್ದಾರೆ. ಊರಿನವರ ಬಾಯಲ್ಲಿ ಮಾತ್ರ ಲೈನ್‌ಮನ್ನೇ. ಕೆಲಸಕ್ಕೆ ಮೊದಲು ಲೈನ್ ಕ್ಲಿಯರ್ ಪಡೆಯಬೇಕು, ಕಂಬದ ಮೇಲಿನ ಸ್ವಿಚ್ಚು ತೆರೆಯಬೇಕು, ಕೆಲಸದ ಜಾಗದ ಎರಡೂ ಬದಿಗೆ ತಂತಿಗಳನ್ನು ಒಟ್ಟುಗೂಡಿಸಿ ಭೂಮಿಗೆ ಜೋಡಿಸಬೇಕು. ಈ ಕೊನೆಯ ಕ್ರಮವನ್ನು ತಪ್ಪದೆ ಪಾಲಿಸಿದರೆ ಹಿಂದಿನಿಂದ ಬಂದ ವಿದ್ಯುತ್ತು ಅವನನ್ನು ತಲುಪದೆ ಮಣ್ಣಿಗೆ ಇಳಿಯುತ್ತದೆ. ಆದರೆ ಕತ್ತಲಾಗುತ್ತಿರುವಾಗ, ಅರ್ತಿಂಗ್ ರಾಡು ಹೊತ್ತು ಸಂಕ ದಾಟಿ, ದಿನಕ್ಕೆ ಏಳೆಂಟು ಕಡೆ ತಂತಿ ಕಟ್ಟುವವನಿಂದ ಪ್ರತಿ ಕಂಬದಲ್ಲೂ ಪೂರ್ಣ ಕ್ರಮವನ್ನು ನಿರೀಕ್ಷಿಸುತ್ತಲೇ, "ಇನ್ನೂ ಎಷ್ಟು ಹೊತ್ತು ಮಾರಾಯ್ರೇ?" ಎಂದು ಐದು ನಿಮಿಷಕ್ಕೊಮ್ಮೆ ಫೋನು ಮಾಡುವ ಊರು ಇದು. ಹಾಗೆ ಫೋನು ಮಾಡುವ ಮನೆಯ ಜಗಲಿಯಲ್ಲೇ ಜನರೇಟರು ಓಡುತ್ತಿರುತ್ತದೆ. ಅವನ ಎಚ್ಚರ ಅವನ ಹೊಣೆ ಹೌದು. ಅದನ್ನು ನಂಬಿಕೊಂಡು ಮನೆಯವರು ತಮ್ಮ ಹೊಣೆಯನ್ನು ಬಿಡುವಂತಿಲ್ಲ.

ಹಾಗಾದರೆ ವಿದ್ಯುತ್ತು ಮನೆಯಿಂದ ಹೊರಗೆ ಹೋಗುವುದಾದರೂ ಹೇಗೆ? ಎಲ್ಲ ಕಡೆಯೂ ಕಾಣುವ ವಿಧಾನವೆಂದರೆ ಎರಡೂ ತುದಿಯಲ್ಲಿ ಪಿನ್‌ಟಾಪ್ ಇರುವ ಒಂದು ತುಂಡು ವಯರು. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಜಗಲಿಯ ಪ್ಲಗ್ಗಿಗೆ, ಮನೆಯಿಡೀ ಬೆಳಕು. ಇಷ್ಟು ಸುಲಭವಾದ, ಇಷ್ಟು ಕೆಟ್ಟ ವ್ಯವಸ್ಥೆ ಇನ್ನೊಂದಿಲ್ಲ. ಒಂದು ತುದಿ ಜನರೇಟರಿನಲ್ಲಿದ್ದು ಇನ್ನೊಂದು ಕಳಚಿದರೆ ಬರಿಯ ಹಿತ್ತಾಳೆಯ ಪಿನ್ನುಗಳಲ್ಲಿ 230 ವೋಲ್ಟು ತೆರೆದು ನಿಂತಿರುತ್ತದೆ; ಅದನ್ನು ಹಿಡಿಯಲು ಒಂದು ಮಗುವಿನ ಕೈ ಸಾಕು. 2 ಕಿಲೋವ್ಯಾಟಿನ ಯಂತ್ರ ಪೂರ್ಣ ಹೊರೆಯಲ್ಲಿ ಸುಮಾರು 8.7 ಆಂಪಿಯರ್ ಕೊಡುತ್ತದೆ. ಅಷ್ಟೂ 6 ಆಂಪಿಯರಿನ ಪ್ಲಗ್ಗಿನ ಮೂಲಕ, ದೀಪಕ್ಕೆಂದು ಎಳೆದ ಸಣ್ಣ ವಯರಿನಲ್ಲಿ ಹಿಮ್ಮುಖವಾಗಿ ಹಾಯಬೇಕು. ಮರದ ಅಟ್ಟ, ಮರದ ತೊಲೆಯ ಮನೆಗಳಲ್ಲಿ ಅದರ ಅರ್ಥವೇನೆಂದು ಬೇರೆ ಹೇಳಬೇಕಿಲ್ಲ. ಈ ವಯರು ಇರುವ ಮನೆಯವರು ಇಂದು ಸಂಜೆಯೇ ಅದನ್ನು ನಡುವೆ ಕತ್ತರಿಸಿದರೆ ಈ ಸಭೆ ಕರೆದದ್ದಕ್ಕೆ ಅರ್ಧ ಫಲ ಸಿಕ್ಕಂತೆ.

"ಮೊದಲು ಫ್ಯೂಸು ಕಿತ್ತಿಟ್ಟೇ ಹಾಕುತ್ತೇವೆ" ಎಂದು ಹೇಳುವ ಎಚ್ಚರಿಕೆಯ ಮನೆಗಳೂ ಇವೆ. ಹಳೆಯ ಮನೆಗಳಲ್ಲಿ ಫ್ಯೂಸು ಇರುವುದು ಫೇಸಿಗೆ ಮಾತ್ರ. ನ್ಯೂಟ್ರಲ್ ನೇರವಾಗಿ ಕಂಬಕ್ಕೆ ಜೋಡಿಸಿಯೇ ಇರುತ್ತದೆ. ಪಿನ್ನನ್ನು ತಿರುಗಾಮುರುಗಾ ಹಾಕಿದರೆ ಯಾವುದು ಫೇಸು, ಯಾವುದು ನ್ಯೂಟ್ರಲ್ ಎಂಬುದೇ ಅದಲುಬದಲಾಗುತ್ತದೆ. ಅಷ್ಟಲ್ಲದೆ ಈ ಕ್ರಮ ನಿಂತಿರುವುದು ಮನೆಯ ಯಜಮಾನನ ನೆನಪಿನ ಮೇಲೆ. ಅವನು ಪೇಟೆಗೆ ಹೋದ ದಿನ ಅಜ್ಜಿಯೋ, ರಜೆಗೆ ಬಂದ ನೆಂಟರ ಹುಡುಗನೋ ಹಗ್ಗ ಎಳೆದರೆ? ಎರಡು ಎಂ.ಸಿ.ಬಿ.ಗಳನ್ನು ಪಕ್ಕಪಕ್ಕ ಇಟ್ಟು "ಒಂದು ಹಾಕಿದಾಗ ಇನ್ನೊಂದು ತೆಗೆಯಬೇಕು" ಎಂದು ಚೀಟಿ ಅಂಟಿಸಿದರೂ ಇದೇ ಕತೆ. ಎರಡನ್ನೂ ಒಟ್ಟಿಗೆ ಮೇಲೆತ್ತಲು ಯಾವ ಅಡ್ಡಿಯೂ ಇಲ್ಲ.

ಬೇಕಾದದ್ದು ಚೇಂಜ್ ಓವರ್ ಸ್ವಿಚ್. ಮೇನ್ಸ್, ಆಫ್, ಜನರೇಟರ್ ಎಂದು ಮೂರು ಸ್ಥಾನಗಳ ಒಂದೇ ಹಿಡಿ. ಹಿಡಿ ಒಂದೇ ಆದ್ದರಿಂದ ಎರಡು ಕಡೆಯೂ ಏಕಕಾಲಕ್ಕೆ ಸೇರುವುದು ಅಸಾಧ್ಯ. ಯಾರ ನೆನಪನ್ನೂ ಅದು ನಂಬಿಲ್ಲ. ಅದು ಮೀಟರು, ಮೇನ್ ಸ್ವಿಚ್ಚುಗಳಾದ ಮೇಲೆ, ಮನೆಯೊಳಗಿನ ಹಂಚಿಕೆಯ ಬೋರ್ಡಿಗೆ ಮೊದಲು ಕೂರಬೇಕು. ಒಂದು ಫೇಸಿನ ಮನೆಗೆ ಎರಡು ಪೋಲಿನದು, ಮೂರು ಫೇಸಿನ ತೋಟದ ಮನೆಗೆ ನಾಲ್ಕು ಪೋಲಿನದು ಬೇಕು. ಎಂದರೆ ಫೇಸಿನ ಜೊತೆಗೆ ನ್ಯೂಟ್ರಲ್ ಕೂಡ ತಿರುಗಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಫೇಸನ್ನು ಮಾತ್ರ ತಿರುಗಿಸುವ ಸ್ವಿಚ್ಚಿಗೆ ಒಪ್ಪಬಾರದು. ಆಂಪಿಯರಿನ ಅಳತೆ ಜನರೇಟರಿಗಲ್ಲ, ಮನೆಯ ಮೇನ್ಸಿನ ಹೊರೆಗೆ ಹೊಂದಬೇಕು. ವರ್ಷದ ಬಹುಪಾಲು ದಿನ ಅದರ ಮೂಲಕ ಹರಿಯುವುದು ಕಂಬದ ಕರೆಂಟೇ ತಾನೆ. ಇದರ ಖರ್ಚು ಜನರೇಟರಿನ ಬೆಲೆಯ ಹತ್ತನೇ ಒಂದು ಪಾಲನ್ನೂ ಮುಟ್ಟುವುದು ಅಪರೂಪ. ಹಳ್ಳದ ನೀರಿಗೆ ಪಿಕೋ ಹೈಡೆಲ್ ಘಟಕ ಕೂರಿಸಿಕೊಂಡ ಮನೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಸದ್ದಿಲ್ಲದೆ, ಹೊಗೆಯಿಲ್ಲದೆ ಓಡುವ ಟರ್ಬೈನಾದರೂ ತಂತಿಯ ದೃಷ್ಟಿಯಿಂದ ಅದೂ ಒಂದು ಜನರೇಟರೇ. ಅದರ ಹೆಚ್ಚುವರಿ ವಿದ್ಯುತ್ತನ್ನು ನೀರು ಕಾಯಿಸಲು ಹರಿಸುವ ನಿಯಂತ್ರಕ ಮಾತ್ರ ಸ್ವಿಚ್ಚಿನ ಟರ್ಬೈನ್ ಬದಿಯಲ್ಲೇ ಉಳಿಯಬೇಕು. ಇಲಾಖೆಯ ತಂತಿಗೆ ಜೋಡಿಸಿದ ಮಾಡಿನ ಸೋಲಾರ್ ಇನ್ವರ್ಟರು ಕರೆಂಟು ಹೋದಾಗ ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ; ಹಗ್ಗ ಎಳೆಯುವ ಯಂತ್ರಕ್ಕೆ ಆ ಬುದ್ಧಿಯಿಲ್ಲ.

ಇನ್ನು ಅರ್ತಿನ ವಿಚಾರ. ಎಲೆಕ್ಟ್ರಿಷಿಯನ್ನರಲ್ಲೂ ಗೊಂದಲವಿರುವ ಜಾಗ ಇದೇ ಆದ್ದರಿಂದ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಕಂಬದಿಂದ ಬರುವ ಕರೆಂಟಿನಲ್ಲಿ ನ್ಯೂಟ್ರಲನ್ನು ಟಿ.ಸಿ.ಯ ಬುಡದಲ್ಲಿ ಭೂಮಿಗೆ ಕಟ್ಟಿರುತ್ತಾರೆ. ಆದುದರಿಂದಲೇ ಫೇಸನ್ನು ಮುಟ್ಟಿದವನ ಕಾಲಿನಿಂದ ವಿದ್ಯುತ್ತು ನೆಲದ ಮೂಲಕ ತನ್ನ ಮೂಲಕ್ಕೆ ಮರಳಬಲ್ಲದು. ಆದುದರಿಂದಲೇ ಆರ್‌ಸಿಸಿಬಿ, ಅನೇಕರು ಇಂದಿಗೂ ಇ.ಎಲ್.ಸಿ.ಬಿ. ಎನ್ನುವ ಉಪಕರಣ, ಆ ಸೋರಿಕೆಯನ್ನು ಗುರುತಿಸಿ ತಟ್ಟನೆ ಕಡಿಯಬಲ್ಲದು. ಸಣ್ಣ ಜನರೇಟರುಗಳಲ್ಲಿ ಬಹುತೇಕ ಹಾಗಿಲ್ಲ. ಅವುಗಳ ಸುರುಳಿಯ ಎರಡು ತುದಿಗಳೂ ಯಂತ್ರದ ಕಬ್ಬಿಣದ ಮೈಗಾಗಲಿ ಭೂಮಿಗಾಗಲಿ ಸೇರದೆ ತೇಲುತ್ತಿರುತ್ತವೆ. ಅಂಥ ಯಂತ್ರಕ್ಕೆ ಒಂದೆರಡು ಉಪಕರಣಗಳನ್ನು ನೇರವಾಗಿ ಸಿಕ್ಕಿಸಿಕೊಂಡರೆ ಈ ತೇಲುವ ಸ್ಥಿತಿ ಒಂದು ಬಗೆಯ ರಕ್ಷಣೆಯೇ ಆಗುತ್ತದೆ: ಒಂದು ಕಡೆ ಸೋರಿಕೆಯಾದರೂ ವಿದ್ಯುತ್ತಿಗೆ ಮರಳುವ ದಾರಿಯಿಲ್ಲ. ಇಡೀ ಮನೆಯ ವಯರಿಂಗಿಗೆ ಅದನ್ನು ಜೋಡಿಸಿದಾಗ ಇದೇ ಗುಣ ಅವಗುಣವಾಗುತ್ತದೆ. ಮಳೆಗಾಲದ ತೇವದಲ್ಲಿ ಎಲ್ಲೋ ಒಂದು ಕಡೆ, ಬಚ್ಚಲುಮನೆಯ ಸ್ವಿಚ್ಚಿನಲ್ಲೋ ಬಾವಿಯ ಪಂಪಿನಲ್ಲೋ, ಮೊದಲ ಸೋರಿಕೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಫ್ಯೂಸು ಹೋಗುವುದಿಲ್ಲ, ಆರ್‌ಸಿಸಿಬಿ ಬೀಳುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಎರಡನೆಯ ಸೋರಿಕೆ ಮನುಷ್ಯನ ಮೂಲಕ ಆಗುತ್ತದೆ.

ಇಲ್ಲಿ ಇನ್ನೊಂದು ಮೋಸವಿದೆ. ಆರ್‌ಸಿಸಿಬಿಯ ಮೇಲೆ ಪರೀಕ್ಷೆಗೆಂದು ಒಂದು ಗುಂಡಿ ಇರುತ್ತದೆ. ಜನರೇಟರು ಓಡುತ್ತಿರುವಾಗ ಅದನ್ನು ಒತ್ತಿದರೆ ಉಪಕರಣ ಟಕ್ಕನೆ ಬೀಳುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆ ಗುಂಡಿಗೆ ಭೂಮಿಯ ಸಂಪರ್ಕವೇ ಬೇಕಿಲ್ಲ. ಉಪಕರಣದೊಳಗೇ ಫೇಸಿಗೂ ನ್ಯೂಟ್ರಲಿಗೂ ನಡುವೆ ಅದು ಒಂದು ಕೃತಕ ಸೋರಿಕೆಯನ್ನು ಉಂಟುಮಾಡುತ್ತದೆ. ಗುಂಡಿ ಒತ್ತಿದಾಗ ಬಿದ್ದ ಆರ್‌ಸಿಸಿಬಿ ನಿಜವಾದ ಸೋರಿಕೆಯಲ್ಲಿ ಸುಮ್ಮನಿರಬಹುದು. ಎಲೆಕ್ಟ್ರಿಷಿಯನ್ನನ ಕಿಸೆಯ ಟೆಸ್ಟರೂ ಇಲ್ಲಿ ದಾರಿ ತಪ್ಪಿಸುತ್ತದೆ. ತೇಲುವ ಯಂತ್ರದಲ್ಲಿ ಅದು ಎರಡೂ ತೂತುಗಳಲ್ಲಿ ಮಂಕಾಗಿ ಉರಿಯಬಹುದು, ಎರಡರಲ್ಲೂ ಉರಿಯದಿರಬಹುದು. ಉರಿಯಲಿಲ್ಲವೆಂದು ಕೈಹಾಕಬಾರದು.

ಆದುದರಿಂದ, ಮನೆಯ ವಯರಿಂಗಿಗೆ ಚೇಂಜ್ ಓವರ್ ಸ್ವಿಚ್ಚಿನ ಮೂಲಕ ಜೋಡಿಸುವುದಾದರೆ, ಜನರೇಟರಿನ ಮೈಯನ್ನು ಮನೆಯ ಅರ್ತ್ ತಂತಿಯೊಂದಿಗೆ ಸೇರಿಸಬೇಕು. ತಯಾರಕರ ಕೈಪಿಡಿ ಒಪ್ಪಿದಲ್ಲಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ ಕೈಯಿಂದ, ಅದರ ನ್ಯೂಟ್ರಲನ್ನು ಜನರೇಟರಿನ ಬಳಿ ಒಂದೇ ಒಂದು ಕಡೆ ಆ ಅರ್ತಿಗೆ ಕಟ್ಟಿಸಬೇಕು. ಆಗ ಸೋರಿದ ವಿದ್ಯುತ್ತಿಗೆ ಮರಳುವ ದಾರಿ ಸಿಗುತ್ತದೆ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ತನ್ನ ಕೆಲಸ ಮಾಡುತ್ತದೆ. ನ್ಯೂಟ್ರಲ್ ಕೂಡ ತಿರುಗಬೇಕೆಂದು ಮೊದಲು ಹೇಳಿದ ಮಾತಿನ ಇನ್ನೊಂದು ಕಾರಣವೂ ಇಲ್ಲೇ ಇದೆ. ತಿರುಗದಿದ್ದರೆ ಕಂಬದ ನ್ಯೂಟ್ರಲ್ಲು ಈ ಮನೆಯ ಅರ್ತಿಗೆ ಗಂಟುಬಿದ್ದು, ಕಂಬದ ನ್ಯೂಟ್ರಲ್ ತುಂಡಾದ ದಿನ ನೆರೆಮನೆಗಳ ಕರೆಂಟೆಲ್ಲ ಇಲ್ಲಿಯ ಅರ್ತನ್ನು ಹುಡುಕಿಕೊಂಡು ಬರುತ್ತದೆ. ಅರ್ತ್ ತಂತಿಯನ್ನು ಮಾತ್ರ ಯಾವ ಸ್ವಿಚ್ಚೂ ಕಡಿಯಬಾರದು.

ಅಂಗಳದಲ್ಲಿ ಒಂದಡಿ ಕಬ್ಬಿಣದ ಸರಳು ಚುಚ್ಚಿ ಅದಕ್ಕೆ ತಂತಿ ಸುತ್ತಿದರೆ ಅರ್ತ್ ಆಗುವುದಿಲ್ಲ. ಪೈಪಿನ ಅರ್ತಿಗೆ ಭಾರತೀಯ ಮಾನಕ ಹೇಳುವ ಉದ್ದ 2.5 ಮೀಟರು. ಘಟ್ಟದ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ತೇವದಿಂದ ಒಳ್ಳೆಯ ಅರ್ತ್ ಕೊಟ್ಟರೂ ಬೇಸಿಗೆಯಲ್ಲಿ ಕಲ್ಲಿನಂತಾಗುತ್ತದೆ. ಅರ್ತಿನ ರೋಧ 20 ಓಮ್ ಇದ್ದರೆ 230 ವೋಲ್ಟಿನಲ್ಲಿ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸು ಅದಕ್ಕೆ ಕರಗುವುದಿಲ್ಲ. ಸಣ್ಣ ಜನರೇಟರಿಗಂತೂ ಪೂರ್ಣ ಶಾರ್ಟ್ ಆದಾಗಲೂ ಮನೆಯ 32 ಆಂಪಿಯರಿನ ಎಂ.ಸಿ.ಬಿ.ಯನ್ನು ಬೀಳಿಸುವಷ್ಟು ತ್ರಾಣ ಇರುವುದೇ ಕಷ್ಟ. ಫ್ಯೂಸು ಇದೆಯಲ್ಲ ಎಂಬ ಧೈರ್ಯಕ್ಕೆ ಜನರೇಟರಿನ ಮುಂದೆ ಆಧಾರವಿಲ್ಲ. ಪ್ರಾಣ ಉಳಿಸುವುದು ಆರ್‌ಸಿಸಿಬಿ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರಿಗೆ ಇದು ತಮ್ಮ ಕೈಲಾಗದ ಕೆಲಸವೆನಿಸಿದರೆ ಅದೂ ಒಳ್ಳೆಯದೇ. ಮನೆಯ ವಯರಿಂಗಿಗೆ ಜನರೇಟರನ್ನು ಜೋಡಿಸಲೇಬೇಕೆಂದೇನಿಲ್ಲ. ಒಂದು ದೀಪ, ಒಂದು ಫ್ರಿಜ್ಜು, ನಾಲ್ಕು ಮೊಬೈಲುಗಳಷ್ಟೇ ಅಗತ್ಯವಿರುವ ಮನೆಗೆ ಎಲ್ಲಕ್ಕಿಂತ ಸುರಕ್ಷಿತ ದಾರಿ ಗೋಡೆಯ ಪ್ಲಗ್ಗನ್ನು ಮುಟ್ಟದೆ, ಜನರೇಟರಿನಿಂದಲೇ ಎಕ್ಸ್‌ಟೆನ್ಶನ್ ಎಳೆದು ಉಪಕರಣಗಳನ್ನು ನೇರವಾಗಿ ಅದಕ್ಕೆ ಸಿಕ್ಕಿಸುವುದು. ಆಗ ಕಂಬಕ್ಕೂ ಜನರೇಟರಿಗೂ ನಡುವೆ ಯಾವ ದಾರಿಯೂ ಇರುವುದಿಲ್ಲ. ವಯರು ಮೂರು ಎಳೆಯದಾಗಿರಬೇಕು, ದಪ್ಪ ಹೊದಿಕೆಯದಾಗಿರಬೇಕು, 2.5 ಚದರ ಮಿಲಿಮೀಟರಿನ ತಾಮ್ರದ್ದಾದರೆ ಸಾಕು. ನಡುವೆ ಟೇಪು ಸುತ್ತಿದ ಗಂಟುಗಳು ಇರಕೂಡದು. ಇದ್ದರೂ ಅವು ಅಂಗಳದ ನೀರಿನಲ್ಲಿ ಮಲಗಿರಕೂಡದು. ಕಿಟಕಿಯ ಬಾಗಿಲಿನ ನಡುವೆ ವಯರನ್ನು ಜಜ್ಜಿಸಬಾರದು. ಸುತ್ತಿದ ವಯರಿನ ಸುರುಳಿಯನ್ನು ಪೂರ್ತಿ ಬಿಚ್ಚದೆ ಹೊರೆ ಹಾಕಿದರೆ ಅದು ಒಳಗೊಳಗೇ ಕಾಯುತ್ತದೆ.

ಯಂತ್ರವನ್ನು ಎಲ್ಲಿಡಬೇಕೆಂಬುದು ಮಳೆನಾಡಿನ ನಿಜವಾದ ಪೇಚು. ಮಳೆಯಲ್ಲಿಟ್ಟರೆ ನೀರು ಇಳಿದು ಶಾಕು, ಒಳಗಿಟ್ಟರೆ ಹೊಗೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುವುದನ್ನು ದಣಿವೆಂದು ತಿಳಿದು ಮಲಗಿದವರು ಏಳುವುದಿಲ್ಲ. ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತದೆಂಬ ಹಳೆಯ ನಂಬಿಕೆ ಸೌದೆ ಒಲೆಯದು. ಇಲ್ಲಿಗೆ ಸಲ್ಲದು, ತಾರಸಿ ಮನೆಗಂತೂ ಸಲ್ಲವೇ ಸಲ್ಲದು. ಬಚ್ಚಲುಮನೆ, ಸೌದೆಕೊಟ್ಟಿಗೆ, ಗೋಡೆಯಿರುವ ಜಗಲಿ, ದನದ ಕೊಟ್ಟಿಗೆ ಯಾವುದೂ ಕೂಡದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಮನೆಯಿಂದ ಕನಿಷ್ಠ 20 ಅಡಿ ದೂರವನ್ನು ಹೇಳುತ್ತದೆ. ಅಂಗಳದಾಚೆ ನಾಲ್ಕು ಕಂಬ ನೆಟ್ಟು, ಮೇಲೆ ಎರಡು ಶೀಟು ಹಾಕಿ, ನಾಲ್ಕೂ ಬದಿ ತೆರೆದಿಟ್ಟು, ನೆಲದಿಂದ ಅರ್ಧ ಅಡಿ ಎತ್ತರದ ಕಲ್ಲಿನ ಮೇಲೆ ಯಂತ್ರವನ್ನು ಕೂರಿಸಿದರೆ ಎರಡೂ ಸಂಕಟಗಳಿಗೆ ಉತ್ತರವಾಗುತ್ತದೆ. ಹೊಗೆಯ ಬಾಯಿ ಮನೆಗೆ ಬೆನ್ನುಮಾಡಿರಬೇಕು. ಒದ್ದೆ ಕೈಯಿಂದ, ಬರಿಗಾಲಿನಲ್ಲಿ ಅದನ್ನು ಮುಟ್ಟಬಾರದು. ಪೆಟ್ರೋಲು ತುಂಬುವುದು ಯಂತ್ರ ನಿಲ್ಲಿಸಿ, ಆರಿದ ಮೇಲೆ.

ಮನೆಯಾಚೆಗಿನ ಎರಡು ಸಂಗತಿಗಳನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಮದುವೆ ಮನೆಯ ಚಪ್ಪರ, ಗಣಪತಿಯ ಮೆರವಣಿಗೆ, ಗದ್ದೆಯ ಬಯಲಾಟ ಎಲ್ಲ ಕಡೆ ಬಾಡಿಗೆಯ ಜನರೇಟರು, ಕಬ್ಬಿಣದ ಕಂಬಗಳ ಮೇಲೆ ಸುತ್ತಿದ ಬಣ್ಣದ ದೀಪಗಳ ಮಾಲೆ. ಮೇಲೆ ಹೇಳಿದ ಅರ್ತಿನ ಮಾತು ಅಲ್ಲಿಗೆ ಮನೆಗಿಂತ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಿನ ಮಕ್ಕಳಿರುತ್ತಾರೆ. ಇನ್ನೊಂದು, ಹಂದಿ, ಆನೆಗಳನ್ನು ತಡೆಯಲು ಬೇಲಿಯ ತಂತಿಗೆ ಜನರೇಟರನ್ನೋ ಕಂಬದ ಕರೆಂಟನ್ನೋ ನೇರವಾಗಿ ಕೊಡುವುದು. ಸೋಲಾರ್ ಬೇಲಿಯ ಯಂತ್ರ ಕ್ಷಣಾರ್ಧದ ಮಿಡಿತಗಳನ್ನು ಮಾತ್ರ ಬಿಡುತ್ತದೆ; ಪ್ರಾಣಿ ಬೆದರಿ ಹಿಂದೆ ಸರಿಯಲು ಅದು ಸಾಕು. ನೇರ ಕರೆಂಟು ಮುಟ್ಟಿದ್ದನ್ನು ಹಿಡಿದು ನಿಲ್ಲಿಸುತ್ತದೆ. ಅದು ಬೇಲಿಯಲ್ಲ, ಉರುಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಬೇಟೆಯೆಂದೇ ಪರಿಗಣಿಸುತ್ತದೆ.

ಕಾನೂನಿನ ಬಗ್ಗೆ ಒಂದೆರಡು ಮಾತು ಸಾಕು. 1956ರ ಭಾರತೀಯ ವಿದ್ಯುತ್ ನಿಯಮಗಳ ಸ್ಥಾನದಲ್ಲಿ, 2003ರ ವಿದ್ಯುತ್ ಕಾಯಿದೆಯ ಅಡಿಯಲ್ಲಿ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರಲ್ಲಿ ಬಂದಿತು. 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ವಯರಿಂಗಿನ ಕೆಲಸ ಪರವಾನಗಿ ಹೊಂದಿದವರಿಂದಲೇ ಆಗಬೇಕೆಂಬುದು ಆರಂಭದಿಂದ ಇಂದಿನವರೆಗೆ ಬದಲಾಗದ ನಿಯಮ. ವಿದ್ಯುತ್ ಅಪಘಾತವಾದರೆ ವಿದ್ಯುತ್ ಪರಿವೀಕ್ಷಕರು ವಿಚಾರಣೆ ನಡೆಸುತ್ತಾರೆ. ನಿರ್ಲಕ್ಷ್ಯದಿಂದ ಸಾವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಕರೆಂಟಿಲ್ಲದ ರಾತ್ರಿ ಬೆಳಕು ಬೇಕೆಂದು ಹಗ್ಗ ಎಳೆದವನಿಗೆ ತಾನು ಈ ಕಲಮಿನ ಹತ್ತಿರ ನಿಂತಿದ್ದೇನೆಂಬ ಕಲ್ಪನೆಯೂ ಇರುವುದಿಲ್ಲ.

ಈ ಮಳೆಗಾಲಕ್ಕೆ ಮೊದಲು ಬಳಗದ ಕಡೆಯಿಂದ ಆಗಬಹುದಾದ ಕೆಲಸ ದೊಡ್ಡದೇನಲ್ಲ. ಒಂದೊಂದು ಟಿ.ಸಿ.ಯ ಅಡಿಯಲ್ಲಿ ಯಾವ ಯಾವ ಮನೆಗಳಲ್ಲಿ ಜನರೇಟರು ಅಥವಾ ಪಿಕೋ ಹೈಡೆಲ್ ಇದೆ, ಯಾವುದಕ್ಕೆ ಚೇಂಜ್ ಓವರ್ ಸ್ವಿಚ್ ಆಗಿದೆ, ಯಾವುದಕ್ಕೆ ಆಗಿಲ್ಲ ಎಂಬ ಪಟ್ಟಿಯೊಂದನ್ನು ಊರಿನ ಯುವಕರು ಒಂದು ಭಾನುವಾರದಲ್ಲಿ ಮಾಡಬಲ್ಲರು. ಆ ಪಟ್ಟಿಯ ಒಂದು ಪ್ರತಿ ಶಾಖಾ ಕಚೇರಿಗೆ, ಇನ್ನೊಂದು ಆ ಭಾಗದ ಲೈನ್‌ಮನ್ನನ ಕೈಗೆ ಹೋಗಬೇಕು. ಕಂಬ ಹತ್ತುವ ಮೊದಲು ಯಾವ ನಾಲ್ಕು ಮನೆಗಳಿಗೆ ಫೋನು ಮಾಡಿ "ಜನರೇಟರ್ ಹಾಕಿದ್ದೀರಾ ಹೆಗಡೇರೇ?" ಎಂದು ಕೇಳಬೇಕೆಂಬುದು ಅವನಿಗೆ ತಿಳಿದಿರಲಿ. ಫೋನು ಹೋಗದ ಊರುಗಳಲ್ಲಿ ಆ ಮನೆಗಳ ಸರ್ವಿಸ್ ವಯರು ಹೊರಡುವ ಕಂಬಕ್ಕೆ ಕೆಂಪು ಬಣ್ಣದ ಒಂದು ಪಟ್ಟಿ ಬಳಿಯಲು ಇಲಾಖೆಯ ಒಪ್ಪಿಗೆ ಕೇಳಬಹುದು. ಚೇಂಜ್ ಓವರ್ ಕೂರಿಸುವ ಮನೆಗಳು ಅದರ ಮೇನ್ಸ್ ಬದಿಗೆ ಸಣ್ಣದೊಂದು ಸೂಚಕ ದೀಪ ಹಾಕಿಸಿಕೊಳ್ಳಲಿ. ಜನರೇಟರು ಓಡುತ್ತಿರುವಾಗಲೂ ಕಂಬದಲ್ಲಿ ಕರೆಂಟು ಬಂತೆಂದು ಅದು ತಿಳಿಸುತ್ತದೆ. ಬಂತೇ ಎಂದು ನೋಡಲು ಯಾರೂ ಹಿಡಿ ತಿರುಗಿಸಬೇಕಾಗಿಲ್ಲ. ದೀಪ ಹೊತ್ತಿದ ಮೇಲೆ ಮನೆಯ ಹೊರೆಗಳನ್ನೆಲ್ಲ ಆರಿಸಿ, ಹಿಡಿಯನ್ನು ಆಫ್‌ಗೆ ತಂದು, ಜನರೇಟರನ್ನು ನಿಲ್ಲಿಸಿ, ಬಳಿಕ ಮೇನ್ಸಿಗೆ ತಿರುಗಿಸುವುದು. ಪಟ್ಟಿ ಮೇ ತಿಂಗಳು ಮುಗಿಯುವುದರೊಳಗೆ ಶಾಖಾ ಕಚೇರಿ ಸೇರಬೇಕು. ಜೂನಿನಲ್ಲಿ ಅಲ್ಲಿ ಯಾರಿಗೂ ಕಾಗದ ಓದುವ ಪುರಸೊತ್ತು ಇರುವುದಿಲ್ಲ.